ಹೆಸರು ಹೇಳದೆ ಕೊಡೋ ಪುಡಿ

ಮಸಾಲೆ ಶೆಡ್ಡಿಗೆ ಕೆಲಸಕ್ಕೆ ಸೇರೋ ಹೆಣ್ಮಕ್ಕಳು ಮೊದಲು ತಿಳ್ಕೋಬೇಕಾದ್ದು ಕೈ ಕಣ್ಣಿಗೆ ಹೋಗಬಾರದು ಅನ್ನೋದು. ಮೆಣಸಿನಕಾಯಿ ತೊಟ್ಟು ಮುರಿದ ಕೈಯನ್ನ ಬರೀ ಸೋಪಲ್ಲಿ ತೊಳೆದ್ರೆ ಉರಿ ಹೋಗಲ್ಲ. ಮೊದಲು ಕೊಬ್ಬರಿ ಎಣ್ಣೆ ಸವರಿ ಒರೆಸಬೇಕು, ಆಮೇಲೆ ಸೋಪು. ಮಗು ಎತ್ಕೊಳ್ಳೋರು ಎರಡು ಸಲ ತೊಳೀರಿ. ಮಿಕ್ಕಿದ ಕೆಲಸ ಎಲ್ಲ ನೋಡ್ತಾ ನೋಡ್ತಾ ಬರ್ತದೆ. ಒಂದು ಮಾತ್ರ ನನಗೆ ಕೆಲಸ ಬಿಡೋ ತನಕಾನೂ ಬರಲಿಲ್ಲ. ಪ್ಯಾಕೆಟ್ ಮೇಲಿರೋ ಹೆಸರಿಗೂ ಒಳಗಿರೋ ಪುಡಿಗೂ ಏನು ಸಂಬಂಧ ಅಂತ. ನಿಮಗೆ ಗೊತ್ತಾದ್ರೆ ನೀವೇ ನನಗೆ ಹೇಳಿ.

ನಾನು ಓದಿದ್ದು ಮೂರನೇ ಕ್ಲಾಸು. ಅದೂ ಮರ್ತು ಹೋಗಿತ್ತು. ಶೆಡ್ಡಲ್ಲಿ ಪ್ಯಾಕೆಟ್ ಮೇಲಿನ ಅಕ್ಷರ ಕೂಡಿಸಿ ಕೂಡಿಸಿ ಓದಿ ವಾಪಸ್ ಬಂತು. ಅದಕ್ಕೇ ನಾನು ಮೊದಲು ಬರೆಯೋಕೆ ಕಲಿತ ದೊಡ್ಡ ಪದ ಧನಿಯಾ.

ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಎಂಟರಲ್ಲಿ. ನಮ್ಮೂರಿನ ಪಿಳ್ಳಣ್ಣ, ಹೊಲ ಎಲ್ಲ ಲೇಔಟ್ ಮಾಡಿ ಮನೆ ಕಟ್ಟಿ ಮಾರ್ತಿದ್ದೋನು, ಆ ವರ್ಷ ಮನೆ ತಗೊಳ್ಳೋರಿಲ್ಲ ಅಂತ ತಲೆ ಕೆಡಿಸ್ಕೊಂಡು ಕೂತಿದ್ದ. ಸೋಲದೇವನಹಳ್ಳಿ ಹತ್ರ ಸಿಮೆಂಟ್ ಇಡ್ತಿದ್ದ ಶೆಡ್ಡನ್ನ ತೊಳೆಸಿ ಒಂದು ಪುಡಿ ಮಿಷನ್ನು ಹಾಕಿಸಿದ. ನಮ್ಮೆಜಮಾನ್ರು ಆಗಲೇ ಬಿಲ್ಡಿಂಗ್ ಕೆಲಸದಲ್ಲಿ ಸಾರ್ವೆ ಮೇಲಿಂದ ಬಿದ್ದು ಸೊಂಟ ಮುರ್ಕೊಂಡು ಮನೇಲಿದ್ರು. ದುಡಿಯೋ ಕೈ ನಂದೊಂದೇ. ಹೋದೆ, ಹುರಿಯೋಕೆ ಹಾಕಿದ. ಹುರಿಯೋದು ನನಗೆ ಬರ್ತಿತ್ತು.

ಮೊದಲನೇ ಪ್ಯಾಕೆಟ್ ಹೆಸರು ‘ಮನೆ ಸಾಂಬಾರ್ ಪುಡಿ’.

"ಯಾರ ಮನೇದು ಪಿಳ್ಳಣ್ಣ?" ಅಂದೆ.

"ಯಾರ ಮನೇದೋ. ತಗೊಂಡೋರ ಮನೇದು ಅಂದ್ಕೋ."

"ನಮ್ಮನೇಲಿ ಹಿಂಗೆ ಮಾಡಲ್ಲ."

"ನಮ್ಮನೇಲೂ ಮಾಡಲ್ಲ ಕಣಮ್ಮ. ಇದನ್ನ ತಗೊಂಡೋದ್ರೆ ನಮ್ಮವಳು ಅಡುಗೆಮನೆ ಒಳಕ್ಕೇ ಬಿಡಲ್ಲ. ನೀನು ಹುರಿ ಸುಮ್ನೆ."

ಹುರಿದೆ. ಬೀದಿ ಬೀದಿ ಅಂಗಡಿಗೆ ಹಾಕಿದ್ರು, ಹೋಯ್ತು. ಯಾರ ಮನೇದೂ ಅಲ್ಲದ ಪುಡಿ ಎಲ್ಲರ ಮನೇಗೂ ಹೋಯ್ತು. ಆವತ್ತು ನಾನು ಅದರ ಬಗ್ಗೆ ಜಾಸ್ತಿ ಯೋಚನೆ ಮಾಡಲಿಲ್ಲ. ಸಂಬಳ ಬಂತು, ಅಷ್ಟೇ.

ಆಗ ಸೌದೆ ಒಲೆ, ಕಬ್ಬಿಣದ ಬಾಣಲೆ. ಧನಿಯಾ ಒಂದು ಹದ, ಮೆಂತ್ಯ ಒಂದು ಹದ. ಮೆಂತ್ಯ ಒಂದು ಚೂರು ಕೆಂಪು ಜಾಸ್ತಿ ಆದ್ರೂ ಕಹಿ, ಇಡೀ ಮೂಟೆ ದನಕ್ಕೂ ಬೇಡ. ಕಣ್ಣಲ್ಲಿ ನೋಡ್ಕೊಂಡು ಕೂತ್ರೆ ಆಗಲ್ಲ, ಸದ್ದು ಕೇಳಬೇಕು. ಚಟಪಟ ನಿಂತ ಕೂಡಲೇ ಇಳಿಸಬೇಕು, ತಡ ಆದ್ರೆ ಸೀದು ಹೊತ್ತೋಯ್ತು ಅಂತ ಅರ್ಥ. ಈಗ ನೀವು ತಿರುಗೋ ಡ್ರಮ್ಮಲ್ಲಿ ಹುರೀತೀರ, ಸದ್ದು ಕೇಳಲ್ಲ. ಡ್ರಮ್ಮಿನ ಬಾಯಿ ಹತ್ರ ಮೂಗಿಡಿ.

ಆಮೇಲೆ ಪಿಳ್ಳಣ್ಣ ಬೇರೆ ಬೇರೆ ಊರಿನ ಹೆಸರು ಹಾಕೋಕೆ ಶುರು ಮಾಡ್ದ. ಉಡುಪಿ ರಸಂ ಪುಡಿ. ನಮ್ಮಲ್ಲಿ ಒಬ್ಬಳಾದ್ರೂ ಉಡುಪಿ ಕಡೆ ಮುಖ ಹಾಕಿದೋಳಿಲ್ಲ. ಯಾರೋ ಹೇಳಿದ ಲೆಕ್ಕದಲ್ಲಿ ಮಾಡಿದ್ವಿ. ಯಶವಂತಪುರದ ಒಂದು ಹೋಟೆಲಿಗೆ ಡಬ್ಬಗಟ್ಟಲೆ ಹೋಗ್ತಿತ್ತು. ಒಂದು ದಿನ ಅಲ್ಲಿಯ ಅಡುಗೆ ಭಟ್ಟರು ಆಟೋದಲ್ಲಿ ಡಬ್ಬ ಹಾಕ್ಕೊಂಡು ಶೆಡ್ಡಿಗೇ ಬಂದ್ರು.

"ಎಂತದಿದು ಮಾರಾಯ್ರೆ, ಬೆಳ್ಳುಳ್ಳಿ ಉಂಟಲ್ಲ ಇದರಲ್ಲಿ! ಗಿರಾಕಿಗಳು ಎಲೆ ಬಿಟ್ಟು ಎದ್ದು ಹೋದರು."

ನಾವು ಬೆಳ್ಳುಳ್ಳಿ ಹಾಕಿರಲಿಲ್ಲ. ಹಿಂದಿನ ದಿನ ಅದೇ ಮಿಷನ್ನಲ್ಲಿ ಬೆಳ್ಳುಳ್ಳಿ ಚಟ್ನಿಪುಡಿ ಮಾಡಿದ್ವಿ, ಒರೆಸಿದ್ವಿ, ತೊಳೆದಿರಲಿಲ್ಲ. ಪಿಳ್ಳಣ್ಣ ಕೈ ಮುಗಿದ. ಭಟ್ಟರು ತಣ್ಣಗಾಗಿ, "ಇದನ್ನು ಮಾಡುವವರು ಯಾರು?" ಅಂದ್ರು.

"ನಾನೇ," ಅಂದೆ.

"ಯಾವ ಊರಮ್ಮ?"

"ಇದೇ ಊರು. ಇಲ್ಲೇ ಹುಟ್ಟಿದ್ದು."

ಈಗ ಬಯ್ತಾರೆ ಅಂದ್ಕೊಂಡೆ. ಬಯ್ಯಲಿಲ್ಲ. "ರುಚಿ ಸರಿಯೇ ಉಂಟು. ಬೆಳ್ಳುಳ್ಳಿ ಒಂದು ಬೇಡ," ಅಂತ ಹೇಳಿ ಟೀ ಕುಡಿದು ಹೋದ್ರು. ಉಡುಪಿ ಹೆಸರು ಹಾಕ್ಕೊಂಡು ಸೋಲದೇವನಹಳ್ಳೀಲಿ ಮಾಡಿದ್ದಕ್ಕೆ ಅವರಿಗೆ ಬೇಜಾರಿಲ್ಲ. ಮಿಷನ್ ತೊಳೀದಿದ್ದಕ್ಕೆ ಬೇಜಾರು. ಆಮೇಲೆ ಎರಡು ಮಿಷನ್ ಬಂದ್ವು, ಬೆಳ್ಳುಳ್ಳಿದು ಒಂದು, ಬೆಳ್ಳುಳ್ಳಿ ಇಲ್ಲದ್ದು ಒಂದು. ಸರಿ, ಹೆಸರು ಅಂದ್ರೆ ಇದೇ ಇರಬೇಕು, ಏನು ಹಾಕಬಾರದೋ ಅದನ್ನ ಹಾಕದೆ ಇರೋದು, ಅಂತ ತಿಳ್ಕೊಂಡೆ.

ಅದೂ ತಪ್ಪು ಅಂತ ನೀಲವ್ವ ಬಂದ ಮೇಲೆ ಗೊತ್ತಾಯ್ತು. ನೀಲವ್ವ ವಿಜಯಪುರದ ಕಡೆಯೋಳು. ಗಂಡ ಪಿಳ್ಳಣ್ಣನ ಬಿಲ್ಡಿಂಗಲ್ಲಿ ಗಾರೆ ಕೆಲಸ. ಅವಳು ಶೇಂಗಾ ಚಟ್ನಿ ಒರಳಲ್ಲಿ ಕುಟ್ಟಿದ್ರೆ ಎಣ್ಣೆ ತಾನಾಗಿ ಬಿಟ್ಕೊಂಡು ಉಂಡೆ ಕಟ್ಟೋ ಹಂಗೆ ಆಗ್ತಿತ್ತು. ರಾಗಿ ರೊಟ್ಟಿ ಜೊತೆ ನಾವೆಲ್ಲ ಅದನ್ನೇ ತಿಂತಿದ್ವಿ. ಪಿಳ್ಳಣ್ಣ ಅದಕ್ಕೆ ‘ಉತ್ತರ ಕರ್ನಾಟಕ ಶೇಂಗಾ ಚಟ್ನಿ’ ಅಂತ ಹಾಕ್ದ. ಇದಾದ್ರೂ ನಿಜವಾದ ಹೆಸರು ಅಂತ ನನಗೆ ಸಮಾಧಾನ ಆಯ್ತು. ಆ ಕಡೆಯೋಳೇ ಕುಟ್ಟಿದ್ದು, ಅವಳ ಅವ್ವ ಕಲಿಸಿದ್ದು.

ಅಂಗಡಿಯಿಂದ ವಾಪಸ್ ಬಂತು. ಇದು ಒರಿಜಿನಲ್ ಅಲ್ಲ ಅಂದ್ರಂತೆ. ಬಣ್ಣ ಸಾಲದು, ಮುದ್ದೆ ಮುದ್ದೆ ಇದೆ, ಪುಡಿ ಉದುರು ಇರಬೇಕು ಅಂತ.

ನೀಲವ್ವ ಸೊಂಟದ ಮೇಲೆ ಕೈ ಇಟ್ಕೊಂಡು ಕೇಳಿದ್ಲು. "ಯಾರ್ರೀ ಅಂದಾವ್ರು? ಅವ್ರೇನ್ ನಮ್ಮ ಊರಾಗ ಹುಟ್ಟ್ಯಾರೇನು?"

"ಗಿರಾಕಿ ಕಣವ್ವ. ಎಲ್ಲಾದ್ರೂ ಹುಟ್ಟಿರ್ಲಿ," ಅಂದ ಪಿಳ್ಳಣ್ಣ.

ಅವತ್ತಿಂದ ಮಿಷನ್ನಲ್ಲಿ ಉದುರುದುರಾಗಿ ಪುಡಿ ಮಾಡಿ, ಬ್ಯಾಡಗಿ ಮೆಣಸಿನಕಾಯಿ ಜಾಸ್ತಿ ಹಾಕಿ ಕೆಂಪಗೆ ಮಾಡಿದ್ವಿ. ಚೆನ್ನಾಗಿ ಹೋಯ್ತು. ಒರಿಜಿನಲ್ ಅಂತ ಹೊಗಳಿದ್ರಂತೆ. ನೀಲವ್ವ ಅದನ್ನ ನಾಲಿಗೆ ಮೇಲೆ ಇಟ್ಕೊಂಡು, "ಅಕ್ಕಾ, ಇದು ನಮ್ಮ ಊರಿಂದಲ್ಲ. ಖರೇ ಹೇಳ್ತೀನಿ, ಯಾವ ಊರಿಂದೂ ಅಲ್ಲ," ಅಂದ್ಲು. ಆದ್ರೆ ಕುಟ್ಟೋದು ತಪ್ಪಿದ್ದಕ್ಕೆ ಅವಳ ತೋಳಿಗೆ ಆರಾಮಾಗಿತ್ತು. ಅದನ್ನೂ ಅವಳೇ ಹೇಳಿದ್ಲು.

ಪಿಳ್ಳಣ್ಣನ ಮಗನಿಗೆ ಮದುವೆ ಆಗಿ ಸೊಸೆ ಸುಷ್ಮಾ ಬಂದ್ಲು. ಓದಿದ ಹುಡುಗಿ, ಯಾವುದೋ ದೊಡ್ಡ ಕಂಪನೀಲಿ ಸೋಪು ಮಾರೋ ಕೆಲಸದಲ್ಲಿದ್ದೋಳು. ಅವಳ ಬಗ್ಗೆ ಹೇಳೋಕೆ ಮೊದಲು ಒಂದು ಹೇಳ್ತೀನಿ. ಶೆಡ್ಡಲ್ಲಿ ಬಾಗಿಲಿರೋ ಕಕ್ಕಸು ಕಟ್ಟಿಸಿದ್ದು ಅವಳು. ಅದಕ್ಕೆ ಮೊದಲು ನಾವು ನೀಲಗಿರಿ ಮರದ ಹಿಂದೆ ಹೋಗ್ತಿದ್ವಿ. ಮುಖಕ್ಕೆ ಕಟ್ಕೊಳ್ಳೋ ಬಟ್ಟೆ, ತಲೆಗೆ ಟೋಪಿ, ಕೂರೋಕೆ ಕುರ್ಚಿ ಎಲ್ಲ ಅವಳೇ ತಂದಿದ್ದು. ಟೋಪಿ ನಮಗೆ ಹಿಡಿಸಲಿಲ್ಲ, ಕುರ್ಚಿ ಹಿಡಿಸ್ತು. ನನ್ನನ್ನ ಅಜ್ಜಿ ಅಂತಿದ್ಲು. ನನಗೆ ಆಗಿನ್ನೂ ಮೊಮ್ಮಕ್ಕಳಿರಲಿಲ್ಲ, ಮೈಯೆಲ್ಲ ಉರೀತಿತ್ತು. ಆಮೇಲೆ ಅಭ್ಯಾಸ ಆಯ್ತು.

ಸುಷ್ಮಾಗೆ ಹೆರಿಗೆ ಆಯ್ತು. ಅವಳಿಗೆ ತಾಯಿ ಇರಲಿಲ್ಲ, ಚಿಕ್ಕೋಳಿದ್ದಾಗಲೇ ಹೋಗಿದ್ರು. ನಮ್ಮ ಕಡೆ ಹೆರಿಗೆ ಆದ ಹುಡುಗಿಗೆ ತವರಿಂದ ಒಂದು ಪುಡಿ ಬರಬೇಕು. ಒಣಶುಂಠಿ, ಮೆಣಸು, ಜೀರಿಗೆ, ಓಮ, ಹಿಪ್ಪಲಿ ಇವನ್ನೆಲ್ಲ ಹುರಿದು ಬೆಲ್ಲ ಬೆಳ್ಳುಳ್ಳಿ ಹಾಕಿ ಮನೇಲೇ ಒರಳಲ್ಲಿ ಕುಟ್ಟಬೇಕು. ಕುಟ್ಟಿದೋಳು ಅದಕ್ಕೆ ಒಂದು ಎಲೆ ಅಡಿಕೆ ಕೂಡ ತಗೊಳ್ಳಂಗಿಲ್ಲ. ಮಾರಂಗಂತೂ ಇಲ್ಲವೇ ಇಲ್ಲ. ಬಿಳೀ ಬಟ್ಟೇಲಿ ಗಂಟು ಕಟ್ಟಿ ತಗೊಂಡೋಗಿ ಹೊಸ್ತಿಲ ಆಚೆ ನಿಲ್ಲಬೇಕು. ಒಳಗಿಂದ ಮನೆ ಹೆಂಗಸು "ತಂದ್ರಾ?" ಅಂತಾಳೆ. "ತಂದೆ," ಅಂದು ಕೊಡಬೇಕು. ಏನು ತಂದೆ ಅಂತ ಇಬ್ಬರೂ ಬಾಯಿ ಬಿಡಂಗಿಲ್ಲ. ಆ ಪುಡಿಗೆ ಹೆಸರೇ ಇಲ್ಲ. ಹೆಸರು ಹೇಳಿದ್ರೆ ಗಾಳಿ ಕೇಳಿಸ್ಕೊಳ್ತದೆ, ಬಾಣಂತಿಗೆ ಹತ್ತಲ್ಲ ಅಂತ ನಮ್ಮವ್ವ ಹೇಳೋಳು. ಗಾಳಿಗೆ ಕಿವಿ ಎಲ್ಲಿದೆ ಅಂತ ಕೇಳಿದ್ದಕ್ಕೆ ಬಾಯಿ ಮೇಲೆ ಕೊಟ್ಟಿದ್ಲು. ನನಗೆ ಅದರಲ್ಲಿ ನಂಬಿಕೆ ಇತ್ತೋ ಇಲ್ಲವೋ ಗೊತ್ತಿಲ್ಲ. ಮಾಡ್ತಿದ್ದೆ.

ತವರಿಂದ ತರೋರು ಯಾರೂ ಇಲ್ವಲ್ಲ ಅಂತ ಸುಷ್ಮಾಗೆ ನಾನೇ ಕುಟ್ಟಿ ತಗೊಂಡೋದೆ. ಪಿಳ್ಳಣ್ಣನ ಹೆಂಡತಿ ಒಳಗಿಂದ "ತಂದ್ಯಾ?" ಅಂದ್ರು, "ತಂದೆ," ಅಂದೆ. ಹುಡುಗಿ ತುಪ್ಪ ಅನ್ನಕ್ಕೆ ಕಲಸ್ಕೊಂಡು ತಿಂದ್ಲು. ಅಲ್ಲಿಗೆ ಮುಗೀತು ಅಂದ್ಕೊಂಡೆ.

ಮಗು ಅಂಬೆಗಾಲಿಡೋ ಹೊತ್ತಿಗೆ ಸುಷ್ಮಾ ಶೆಡ್ಡಿಗೆ ವಾಪಸ್ ಬಂದ್ಲು. ನನ್ನ ಕರೆದು ಕುರ್ಚಿ ಹಾಕಿ ಕೂರಿಸಿದ್ಲು.

"ಅಜ್ಜಿ, ನೀವು ಕೊಟ್ಟಿದ್ದನ್ನ ನಾವು ಮಾಡೋಣ. ನನ್ನ ಥರ ತಾಯಿ ಇಲ್ಲದೋರು, ದೂರ ಇರೋರು ಎಷ್ಟು ಜನ ಇದಾರೆ ಗೊತ್ತಾ? ಹೆಸರೇನು ಅದಕ್ಕೆ?"

"ಇಲ್ಲ."

"ಇಲ್ಲ ಅಂದ್ರೆ? ನಿಮ್ಮನೇಲಿ ಏನಂತೀರಾ?"

"ಅದು ಅಂತೀವಿ."

"ಅದು ಅಂದ್ರೆ?"

"ಅದೇ."

ಪಿಳ್ಳಣ್ಣ ಪಕ್ಕದಲ್ಲಿ ನಗ್ತಾ ಕೂತಿದ್ದ. "ಹಾಕಮ್ಮ ಅಂಗೇ. ‘ಅದು’, ಇನ್ನೂರು ಗ್ರಾಂ."

ಹೆಸರು ಹೇಳಬಾರದು, ಮಾರಬಾರದು ಅಂತ ನಾನು ಕಟ್ಲೆ ಪೂರಾ ಹೇಳ್ದೆ. ಸುಷ್ಮಾ ಸುಮ್ನೆ ಕೇಳಿದ್ಲು, ನಗಲಿಲ್ಲ. ಆಮೇಲೆ ಅಂದ್ಲು, "ಹೆಸರಿಲ್ದೆ ಅಂಗಡೀಲಿ ಇಡೋಕಾಗಲ್ಲ ಅಜ್ಜಿ. ತವರು ಖಾರ ಅಂತ ಇಡೋಣ." ಆಮೇಲೆ ಒಂದು ಹಾಳೆ ತೋರಿಸಿದ್ಲು. ಅದರ ಮೇಲೆ ‘ಸೋಲದೇವನಹಳ್ಳಿ ಗೌಡರ ಮನೆಯ ತವರು ಖಾರ’ ಅಂತಿತ್ತು. ಕೆಳಗೆ ಒಂದು ಅಜ್ಜಿ ಫೋಟೋ. ಬೊಚ್ಚುಬಾಯಿ, ದೊಡ್ಡ ನತ್ತು, ಹಸಿರು ಸೀರೆ ತಲೆ ಮೇಲೆ ಹೊದ್ಕೊಂಡು ನಗ್ತಾ ಇದ್ಲು.

"ಇವಳ್ಯಾರು?"

"ಯಾರೂ ಅಲ್ಲ ಅಜ್ಜಿ, ಫೋಟೋ ದುಡ್ಡಿಗೆ ಸಿಗತ್ತೆ. ನಿಮ್ಮದೇ ಹಾಕೋಣ ಅಂದ್ರೆ ನೀವು ನಗೋದೇ ಇಲ್ಲ."

ನೀಲವ್ವ ಹೆಗಲ ಮೇಲಿಂದ ಬಗ್ಗಿ ನೋಡಿದ್ಲು. "ಈಕಿ ನಮ್ಮಾಕಿನೂ ಅಲ್ಲ, ನಿಮ್ಮಾಕಿನೂ ಅಲ್ಲ. ಸೀರಿ ನೋಡ್ ಅಕ್ಕಾ, ಸೆರಗ ಉಲ್ಟಾ ಐತಿ."

ನನಗೆ ಸೆರಗಿನ ಚಿಂತೆ ಇರಲಿಲ್ಲ. ಗೌಡರ ಮನೆ ಅಂತ ಬರೆದಿದ್ದು ನೋಡಿ ಏನೋ ಆಯ್ತು. ಯಾಕಂದ್ರೆ ಗೌಡರು ನಾವೇ ಆದ್ರೂ ಆ ಪುಡಿ ನಮ್ಮ ಮನೇದು ಅಂತ ನನಗೆ ಗಟ್ಟಿ ಗೊತ್ತಿರಲಿಲ್ಲ. ನಾನು ಚಿಕ್ಕೋಳಿದ್ದಾಗ ಅದನ್ನ ಕುಟ್ತಿದ್ದಿದ್ದು ಫಾತಿಮಾಬಿ. ಊರಿಗೆಲ್ಲ ಅವಳೇ ಸೂಲಗಿತ್ತಿ. ನಮ್ಮವ್ವ ಪಕ್ಕದಲ್ಲಿ ಕೂತು ಹುರಿದು ಕೊಡೋಳು. ಅದನ್ನ ಸುಷ್ಮಾಗೆ ಹೇಳ್ದೆ.

ಅವಳ ಮುಖ ಬದಲಾಯ್ತು. "ಹಂಗಾದ್ರೆ ಅದು ಅವರದ್ದು. ಅವರದ್ದನ್ನ ತಗೊಂಡು ಗೌಡರ ಮನೆ ಅಂತ ಹಾಕೋದು ತಪ್ಪಲ್ವಾ ಅಜ್ಜಿ? ಅವರನ್ನ ಕೇಳೋಣ ನಡೀರಿ."

ಫಾತಿಮಾಬಿ ಹೋಗಿ ಎಷ್ಟೋ ಕಾಲ ಆಗಿತ್ತು. ಅವಳ ಮೊಮ್ಮಗಳು ನಸೀಮಾ ಆರ್.ಟಿ. ನಗರದಲ್ಲಿ ಬಟ್ಟೆ ಹೊಲಿಯೋ ಅಂಗಡಿ ಇಟ್ಕೊಂಡಿದ್ಲು. ಸುಷ್ಮಾ ಕಾರಲ್ಲಿ ಹೋದ್ವಿ. ಹೆಬ್ಬಾಳದ ಮೇಲ್ಸೇತುವೆ ಮೇಲೆ ಗಾಡಿ ನಿಂತಿದ್ದು ನಿಂತೇ ಇತ್ತು. ಸುಷ್ಮಾ ಸ್ಟೇರಿಂಗ್ ಹಿಡ್ಕೊಂಡು ತನಗೆ ತಾನೇ ಅಂತಿದ್ಲು. ಅವರು ಬೇಡ ಅಂದ್ರೆ ಬಿಟ್ಬಿಡೋಣ, ಹೂಂ ಅಂದ್ರೆ ಅವರ ಹೆಸರೇ ಹಾಕೋಣ. ಅವರು ಬೇಡ ಅನ್ನಲಿ ಅಂತ ನಾನು ಒಳಗೇ ಬೇಡ್ಕೋತಿದ್ದೆ.

ನಸೀಮಾ ಮಿಷನ್ ನಿಲ್ಲಿಸಿ ಎಲ್ಲ ಕೇಳಿದ್ಲು. ಆಮೇಲೆ ಜೋರಾಗಿ ನಕ್ಕಳು.

"ನಮ್ದಾ? ಏನ್ ಆಂಟಿ ನೀವು! ನಮ್ ನಾನಿ ಸಾಯೋ ತನಕ ಹೇಳೋರು, ಇದು ಗೌಡ್ರಮ್ಮ ನಂಗೆ ಕಲಿಸಿದ್ದು ಅಂತ. ನಿಮ್ ಅಜ್ಜಿ ಕಲಿಸಿದ್ದಂತೆ."

"ನಮ್ಮವ್ವ ಹೇಳ್ತಿದ್ದಿದ್ದು ಫಾತಿಮಾಬಿ ಕಲಿಸಿದ್ದು ಅಂತ."

"ಹೋಗ್ಲಿ, ಹೆಸರು ಹೇಳಬಾರದು ಅನ್ನೋದು?" ಅಂದ್ಲು ಸುಷ್ಮಾ.

"ಅದು ನಿಮ್ ಕಡೆ ಕಟ್ಲೆ ಅಲ್ವಾ?" ಅಂದೆ ನಸೀಮಾಗೆ.

"ನಮ್ ಕಡೇನಾ? ನಾವು ನಿಮ್ ಕಡೇದು ಅಂದ್ಕೊಂಡು ಇಷ್ಟು ದಿನ ಬಾಯಿ ಮುಚ್ಕೊಂಡಿದೀವಿ!"

ಸುಷ್ಮಾ ಒಂದು ಸಲ ನನ್ನ ಮುಖ, ಒಂದು ಸಲ ಅವಳ ಮುಖ ನೋಡಿದ್ಲು. "ಹಾಗಾದ್ರೆ ಇದು ಯಾರದ್ದು?"

"ತಿನ್ನೋರ್ದು ಅಂತ ಬರೀರಿ ಮೇಡಮ್, ಯಾರ್ ಬಂದ್ ಕೇಳ್ತಾರೆ. ಚಾ ಹೇಳಿದೀನಿ, ಕುಡೀರಿ," ಅಂದು ನಸೀಮಾ ಮತ್ತೆ ಮಿಷನ್ ತುಳಿಯೋಕೆ ಶುರು ಮಾಡಿದ್ಲು.

ಬರ್ತಾ ದಾರಿ ಪೂರಾ ನನಗೆ ಅದೇ ಯೋಚನೆ. ಯಾರದಾದ್ರೂ ಆಗಿದ್ರೆ ಅವರನ್ನ ಕೇಳಬಹುದಿತ್ತು, ಅವರು ಬೇಡ ಅನ್ನಬಹುದಿತ್ತು. ಯಾರದೂ ಅಲ್ಲ ಅಂದ್ರೆ ಯಾರನ್ನ ಕೇಳೋದು? ಗೌಡರ ಮನೆ ಅನ್ನೋದನ್ನ ಸುಷ್ಮಾ ತೆಗೆಸಿದ್ಲು. ತವರು ಖಾರ ಅನ್ನೋದು ಉಳೀತು. ಅಜ್ಜೀನೂ ಉಳಿದ್ಲು.

ಇಷ್ಟರಲ್ಲಿ ನನ್ನ ಮಗಳು ಲತಾ ಎಂಟು ತಿಂಗಳ ಬಸುರಿ. ಅವಳನ್ನ ಗೊರಗುಂಟೆಪಾಳ್ಯಕ್ಕೆ ಕೊಟ್ಟಿದ್ವಿ. ಅವಳ ಅತ್ತೆ ಜಯಮ್ಮ ಮಡಿ ಮೈಲಿಗೆ ಅಂತ ಬಹಳ ನೋಡೋ ಹೆಂಗಸು. ನಾನು ಫೋನಲ್ಲಿ ಹೇಳಿದ್ದ ಈ ಪುಡಿ ವಿಷಯಾನ ಲತಾ ಅತ್ತೆ ಮುಂದೆ ಬಾಯಿ ಬಿಟ್ಟಿದ್ಲು. ಮಾರನೇ ದಿನವೇ ಜಯಮ್ಮ ನಮ್ಮನೇಗೆ ಬಂದ್ರು. ಕಾಫಿ ಮುಟ್ಟಲಿಲ್ಲ.

"ನೋಡಿ ಬೀಗ್ರೆ, ನಿಮ್ ಕೆಲಸ ನಿಮ್ದು. ಆದ್ರೆ ಅದನ್ನ ಹೆಸರಿಟ್ಟು ಮಾರೋಕೆ ಕುಟ್ಟಿದ ಕೈಯಲ್ಲಿ ನಮ್ಮ ಹೊಸ್ತಿಲಿಗೆ ತರಬೇಡಿ. ನಾನು ಇಸ್ಕೊಳ್ಳಲ್ಲ. ನಿಮ್ ಮಗಳಿಗೆ ನಾನು ಬೇರೆ ಯಾರ ಕೈಲಾದ್ರೂ ತರಿಸ್ಕೋತೀನಿ."

"ಬೇರೆಯೋರು ತಂದ್ರೆ ತವರಿಂದ ಬಂದಂಗಾಗ್ತದಾ?"

"ಆಗಲ್ಲ. ಅದಕ್ಕೇ ಹೇಳೋಕೆ ಬಂದಿದ್ದು."

ಮಗಳು ಹೆತ್ತು ಮಲಗಿರುವಾಗ ನಾನು ಬರಿಗೈಲಿ ಹೊಸ್ತಿಲ ಆಚೆ ನಿಲ್ಲೋದು ಕಣ್ಣಿಗೆ ಬಂತು. ಗಾಳಿಗೆ ಕಿವಿ ಇದೆಯೋ ಇಲ್ಲವೋ, ಜಯಮ್ಮಂಗೆ ಬಾಯಿ ಇದೆ. ಊರಲ್ಲೆಲ್ಲ ಹೇಳ್ತಾರೆ. ಲತಾ ಆ ಮನೇಲಿ ಬಾಳಬೇಕು.

ಶನಿವಾರ ಪಿಳ್ಳಣ್ಣನ ಹತ್ರ ಹೋಗಿ ಹೇಳ್ದೆ. "ಬೇರೆದೆಲ್ಲ ಮಾಡ್ತೀನಿ. ಅದೊಂದು ನನ್ನ ಕೈಲಿ ಆಗಲ್ಲ."

ಅವನು ಆ ದಿನ ಬೇರೆ ಯಾವುದೋ ಕೋಪದಲ್ಲಿದ್ದ. "ಇದನ್ನ ಮಾಡಲ್ಲ ಅದನ್ನ ಮಾಡಲ್ಲ ಅನ್ನೋರನ್ನ ಇಟ್ಕೊಂಡು ನಾನೇನು ಛತ್ರ ನಡಸ್ತಿದೀನಾ? ಮಾಡೋದಾದ್ರೆ ಸೋಮವಾರ ಬಾ. ಇಲ್ಲ ಅಂದ್ರೆ ಮನೇಲೇ ಇರು."

ಸುಷ್ಮಾ ಅಲ್ಲೇ ಇದ್ಲು, ತಲೆ ಬಗ್ಗಿಸ್ಕೊಂಡಿದ್ಲು. ನಾನು ಮನೇಗೆ ಬಂದು ನಮ್ಮೆಜಮಾನ್ರಿಗೆ ಹೇಳ್ದೆ. ಅವರು ಗೋಡೆ ಕಡೆ ತಿರುಗಿ, "ನಿನ್ನಿಷ್ಟ," ಅಂದ್ರು. ನಿನ್ನಿಷ್ಟ ಅನ್ನೋದು ಸುಲಭ. ದುಡಿಯೋ ಕೈ ನಂದೊಂದೇ ಅಂತ ಅವರಿಗೂ ಗೊತ್ತು.

ಸೋಮವಾರ ಹೋದೆ. ಮಾಡ್ತೀನಿ ಅಂತಾನೂ ಹೋಗಲಿಲ್ಲ, ಮಾಡಲ್ಲ ಅಂತಾನೂ ಹೋಗಲಿಲ್ಲ. ಹೋಗಿ ನೋಡೋಣ ಅಂತ ಹೋದೆ. ನೋಡಿದ್ರೆ ಒರಳ ಮುಂದೆ ನೀಲವ್ವ ಕೂತಿದ್ಲು.

"ನಾನು ಮಾಡ್ತೀನಿ ಅಂತ ಅಂದೀನಿ ಅಕ್ಕಾ. ನಮ್ಮ ಕಡೆ ಬಾಣಂತಿಗೆ ಅಳವಿ ಉಂಡಿ ಕೊಡ್ತಾರ, ಅಂಟಿನ ಉಂಡಿ ಕೊಡ್ತಾರ. ಹೆಸರು ಒದರಿ ಒದರಿ ಕೊಡ್ತಾರ, ಮಾರ್ತಾರ. ಏನೂ ಆಗಂಗಿಲ್ಲ. ನನ್ನ ಹೊಸ್ತಿಲಾಗ ಕೇಳಾವ್ರು ಯಾರೂ ಇಲ್ಲ."

ಪಿಳ್ಳಣ್ಣ ದೂರದಿಂದ ನೋಡಿ, "ಅಕ್ಕಯ್ಯಮ್ಮ, ನಿನ್ನ ಧನಿಯಾ ಕಾಯ್ತಾ ಬಿದ್ದದೆ," ಅಂದ. ಅಷ್ಟೇ. ಶನಿವಾರದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೆಲಸದ ಜಾಗದಲ್ಲಿ ಎಷ್ಟೋ ಜಗಳ ಹಿಂಗೇ ಮುಗೀತವೆ. ಕ್ಷಮೆ ಕೇಳೋರಿಗೆ ಕಾಯ್ಕೊಂಡು ಕೂರಬೇಡಿ.

ಆದ್ರೆ ಅವತ್ತು ಒಂದು ಆಯ್ತು. ಈ ಪುಡೀದನ್ನ ಡ್ರಮ್ಮಿಗೆ ಹಾಕದೆ ಬಾಣಲೇಲಿ ಹುರೀತಿದ್ರು. ನೀಲವ್ವಂಗೆ ಶೇಂಗಾ ಗೊತ್ತು, ಹಿಪ್ಪಲಿ ಗೊತ್ತಿಲ್ಲ. ಸುಷ್ಮಾ ಹತ್ರ ಮಾತಾಡ್ತಾ ಕೈ ಆಡಿಸ್ತಿದ್ಲು. ನಾನು ಪಕ್ಕದ ಒಲೇಲಿ ಧನಿಯಾ ಹುರೀತಾ ಇದ್ದೆ, ಕಿವಿ ಮಾತ್ರ ಆ ಬಾಣಲೆ ಮೇಲಿತ್ತು. ಸದ್ದು ನಿಂತು ಹೋಯ್ತು. ಇನ್ನೊಂದು ಗಳಿಗೆ ಬಿಟ್ರೆ ಹಿಪ್ಪಲಿ ಕಪ್ಪಾಗ್ತದೆ. ಕಪ್ಪಾಗಿದ್ದು ಯಾವಳೋ ಬಾಣಂತಿ ಹೊಟ್ಟೆಗೆ ಹೋಗ್ತದೆ, ಅವಳ ಎದೆಯಿಂದ ಮಗೂಗೆ ಹೋಗ್ತದೆ. ನಾನು ಬಟ್ಟೆ ಹಿಡ್ಕೊಂಡು ಬಾಣಲೆ ಇಳಿಸಿಬಿಟ್ಟೆ.

ನೀಲವ್ವ ನನ್ನನ್ನೇ ನೋಡಿದ್ಲು. ಸುಷ್ಮಾನೂ ನೋಡಿದ್ಲು.

"ಕೈ ಮುಟ್ಟಿಲ್ಲ, ಬಟ್ಟೆ ಮುಟ್ಟಿದ್ದು," ಅಂದೆ.

ಕುಟ್ಟಿದೋಳು ನೀಲವ್ವ. ಹದ ಹೇಳಿಕೊಟ್ಟೋರು ಯಾರೂ ಇಲ್ಲ. ಇಳಿಸಿದೋಳು ನಾನು. ಅದು ತಪ್ಪು ಅಂತ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸಲ್ಲ. ಆದ್ರೆ ಆ ಮೊದಲನೇ ಪ್ಯಾಕೆಟ್ ಯಾರ ಕೈಯಿದು ಅಂತ ಕೇಳಿದ್ರೆ ನನಗೆ ಹೇಳೋಕೆ ಬರಲ್ಲ. ಮಾರಬಾರದು ಅಂತಿತ್ತು, ಹೆಸರು ಹೇಳಬಾರದು ಅಂತಿತ್ತು. ಸೀದೋಗ್ತಿದ್ರೆ ಸುಮ್ನೆ ನೋಡ್ಕೊಂಡಿರಬೇಕು ಅಂತ ನಮ್ಮವ್ವ ಹೇಳಿರಲಿಲ್ಲ. ಆಮೇಲೂ ಸದ್ದು ನಿಂತಾಗೆಲ್ಲ ನಾನು ಕೆಮ್ಮೋಳು, ನೀಲವ್ವ ಇಳಿಸೋಳು. ಕೆಮ್ಮೋಕೆ ಯಾವ ಕಟ್ಲೆನೂ ಇರಲಿಲ್ಲ.

ಲತಾಗೆ ಗಂಡು ಆಯ್ತು. ಮನೇಲಿ ಬೇರೆ ಕುಟ್ಟಿ ಬಿಳೀ ಬಟ್ಟೇಲಿ ಕಟ್ಕೊಂಡು ಹೋದೆ. ಜಯಮ್ಮ ಹೊಸ್ತಿಲ ಒಳಗೆ ನಿಂತು ನನ್ನ ಕೈ ಒಂದು ಸಲ ನೋಡಿದ್ರು. "ತಂದ್ರಾ?" ಅಂದ್ರು. "ತಂದೆ," ಅಂದೆ. ಇಸ್ಕೊಂಡ್ರು. ಉಸಿರು ಬಿಟ್ಟೆ.

ತವರು ಖಾರ ಚೆನ್ನಾಗಿ ಓಡ್ತು. ಸುಷ್ಮಾ ಹೇಳೋಳು, ಯಾರೋ ದೂರದ ಊರಿಂದ ಫೋನ್ ಮಾಡಿ ಅತ್ತರಂತೆ, ನಮ್ಮಮ್ಮ ಮಾಡ್ತಿದ್ದಂಗೇ ಇದೆ ಅಂತ. ಇನ್ಯಾರೋ ಬೈದು ಬರೆದ್ರಂತೆ, ಇದು ನಮ್ಮ ಜನದ್ದು, ನೀವ್ಯಾರು ಮಾರೋಕೆ ಅಂತ. ಯಾವ ಜನ ಅಂತ ಕೇಳ್ದೆ. ಬೇರೆ ಯಾವುದೋ ಹೆಸರು ಹೇಳಿದ್ಲು, ನಾನು ಕೇಳೇ ಇರಲಿಲ್ಲ. "ಅವರಿಗೂ ಯಾರೋ ಕಲಿಸಿರ್ತಾರೆ ಬಿಡಿ ಅಜ್ಜಿ," ಅಂದ್ಲು. ಆದ್ರೆ ಸುಮಾರು ದಿನ ಅವಳ ಮುಖ ಸರಿ ಇರಲಿಲ್ಲ.

ಎರಡು ಸಾವಿರದ ಹತ್ತೊಂಬತ್ತರಲ್ಲಿ ನಾನು ಕೆಲಸ ಬಿಟ್ಟೆ. ಕಾರಣ ಕೆಮ್ಮು. ಸುಳ್ಳು ಕೆಮ್ಮು ಕೆಮ್ಮಿ ಕೆಮ್ಮಿ ನಿಜದ್ದು ಬಂತು ಅಂತ ನೀಲವ್ವ ಆಡ್ಕೊಂಡಳು. ಪುಡಿ ಧೂಳು ಎದೇಲಿ ಕೂತಿತ್ತು. ನೀವು ಮುಖಕ್ಕೆ ಬಟ್ಟೆ ಕಟ್ಕೊಳ್ಳಿ, ಸೆಕೆ ಅಂತ ಬಿಚ್ಚಬೇಡಿ. ಬಲಗೈ ಮಣಿಕಟ್ಟು ಊದ್ಕೊಂಡು ಲೋಟ ಎತ್ತೋಕೆ ಆಗ್ತಿರಲಿಲ್ಲ, ಒನಕೆ ದೂರದ ಮಾತು. ಹಾರ ಹಾಕಿ ಸೀರೆ ಕೊಟ್ರು.

ಅದೇ ವರ್ಷ ಲತಾಗೆ ಎರಡನೇದು, ಹೆಣ್ಣು. ಕುಟ್ಟೋಕೆ ಕೂತೆ, ಆಗಲಿಲ್ಲ. ಮಿಕ್ಸಿಗೆ ಹಾಕೋಕೆ ಮನಸ್ಸು ಬರಲಿಲ್ಲ. ಬೇರೆಯೋರ ಕೈಲಿ ಕುಟ್ಟಿಸಿದ್ರೆ ತವರಿಂದಾಗ್ತದಾ ಇಲ್ವಾ ಗೊತ್ತಾಗಲಿಲ್ಲ. ಬರಿಗೈಲೇ ಗೊರಗುಂಟೆಪಾಳ್ಯಕ್ಕೆ ಹೋದೆ. ಕೈ ತೋರಿಸಿ ಹೇಳೋಣ, ಬೈದ್ರೆ ಬೈಸ್ಕೊಳ್ಳೋಣ ಅಂತ.

ಲತಾ ಮಲಗಿದ್ಲು. ಅವಳ ಮಂಚದ ಪಕ್ಕ ಸ್ಟೂಲ್ ಮೇಲೆ ತುಪ್ಪದ ಬಟ್ಟಲು, ಅದರ ಪಕ್ಕ ಒಂದು ಪ್ಯಾಕೆಟ್. ನತ್ತು ಹಾಕಿದ ಅಜ್ಜಿ ನಗ್ತಾ ಇದ್ಲು.

"ಯಾರು ತಂದಿದ್ದು ಇದನ್ನ?"

"ಅತ್ತೆ," ಅಂದ್ಲು ಲತಾ. "ಹೆಬ್ಬಾಳದ ಅಂಗಡೀಲಿ. ನಿನ್ನ ಕೈ ಆಗಲ್ಲ ಅಂತ ನಾನೇ ಹೇಳಿದ್ದೆ. ಇನ್ನೂ ಒಡೆದಿಲ್ಲ."

ಜಯಮ್ಮ ಬಾಗಿಲಲ್ಲಿ ನಿಂತಿದ್ರು. ಅವರು ನನ್ನ ನೋಡಿದ್ರು, ನಾನು ಅವರನ್ನ ನೋಡಿದೆ. "ಎಲ್ಲೂ ಸಿಗಲಿಲ್ಲ ಬೀಗ್ರೆ," ಅಂದ್ರು. ದನಿ ಸಣ್ಣಗಿತ್ತು. "ಕುಟ್ಟೋರು ಯಾರೂ ಇಲ್ಲ ಈಗ. ಹುಡುಗಿಗೆ ಅದಿಲ್ದೆ ಹೆಂಗೆ?"

ನನಗೆ ನಗು ಬರಬೇಕಿತ್ತೋ ಸಿಟ್ಟು ಬರಬೇಕಿತ್ತೋ ತಿಳೀಲಿಲ್ಲ. ಮಾರಬಾರದು ಅಂತ ಇತ್ತು. ಕೊಳ್ಳಬಾರದು ಅಂತ ಯಾರೂ ಹೇಳಿರಲಿಲ್ಲವಲ್ಲ ಅಂತ ಮಾತ್ರ ತಲೇಲಿ ಬಂತು. ಪ್ಯಾಕೆಟ್ ತಗೊಂಡು ಅಂಗಳಕ್ಕೆ ಹೋದೆ. ಹಲ್ಲಲ್ಲಿ ಮೂಲೆ ಹರಿದು ಮೂಸಿದೆ. ಹಿಪ್ಪಲಿ ಹೊತ್ತಿರಲಿಲ್ಲ. ನಾನಿಲ್ದೆ ಈಗ ಯಾರು ಕೆಮ್ಮುತಾರೋ. ಚೀಲದಲ್ಲಿ ಬ್ಲೌಸಿಗೆ ಅಂತ ಇಟ್ಕೊಂಡಿದ್ದ ಬಿಳೀ ಬಟ್ಟೆ ಇತ್ತು. ಅದರಲ್ಲಿ ಪುಡಿ ಸುರಿದು, ಎಡಗೈಲೂ ಹಲ್ಲಲ್ಲೂ ಹಿಡಿದು ಗಂಟು ಹಾಕ್ದೆ. ಕವರನ್ನ ಕಸದ ಬುಟ್ಟಿಗೆ ಹಾಕ್ದೆ. ಅಜ್ಜಿ ಅಲ್ಲೂ ನಗ್ತಾನೇ ಇದ್ಲು.

ತಿರುಗಿ ಬಂದು ಹೊಸ್ತಿಲ ಆಚೆ ನಿಂತ್ಕೊಂಡೆ. ಕಿಟಕಿಯಿಂದ ಎಲ್ಲ ನೋಡ್ತಾ ನಿಂತಿದ್ದ ಜಯಮ್ಮ ಬಂದು ಹೊಸ್ತಿಲ ಒಳಗೆ ನಿಂತ್ರು. ಸೆರಗು ಸರಿ ಮಾಡ್ಕೊಂಡ್ರು. ಅವರೇ ಅಂಗಡೀಲಿ ಕ್ಯೂ ನಿಂತು ಕೊಂಡು ತಂದ ಪುಡಿ ನನ್ನ ಕೈಲಿತ್ತು.

"ತಂದ್ರಾ?" ಅಂದ್ರು.

ಇನ್ನೇನು ಹೇಳಬೇಕಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. "ತಂದೆ," ಅಂದೆ.